ಗಾಳ ಹಿಡಿದವರು ಗಾಡಿ ಇಳಿಸಬೇಕೆ?

ಶುಕ್ರವಾರ ರಾತ್ರಿ ಹತ್ತರ ನಂತರ ಗೊರಗುಂಟೆಪಾಳ್ಯದಲ್ಲಿ ನಿಂತು ನೋಡಿದರೆ ಪಶ್ಚಿಮ ಬೆಂಗಳೂರು ಅರ್ಧಕ್ಕರ್ಧ ಊರು ಬಿಟ್ಟು ಹೊರಟಂತೆ ಕಾಣುತ್ತದೆ. ರಾಜಾಜಿನಗರ, ಬಸವೇಶ್ವರನಗರದವರು ತುಮಕೂರು ರಸ್ತೆ ಹಿಡಿದು, ನೆಲಮಂಗಲದ ಬಳಿ ಕುಣಿಗಲ್ ದಾರಿಗೆ ತಿರುಗಿ, ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುತ್ತಾರೆ. ಕೆಂಗೇರಿ, ವಿಜಯನಗರದ ಕಡೆಯವರಿಗೆ ಮೈಸೂರು ರಸ್ತೆಯೇ ಹತ್ತಿರ. ಅವರಲ್ಲಿ ಹಲವರು ವಿರಾಜಪೇಟೆ, ಮಾಕುಟ್ಟದ ಮೂಲಕ ಕಣ್ಣೂರಿನ ಕಡಲಿಗೆ ಹೋಗುತ್ತಾರೆ. ಶನಿವಾರ ಬೆಳಿಗ್ಗೆ ಉಳ್ಳಾಲದಿಂದ ಗೋಕರ್ಣದವರೆಗೆ ಯಾವ ಕಡಲತೀರದ ಬದಿ ನೋಡಿದರೂ ಕೆಎ 02 ಅಥವಾ ಕೆಎ 41ರ ನಂಬರ್ ಪ್ಲೇಟ್ ಕಣ್ಣಿಗೆ ಬೀಳುತ್ತದೆ.

ಆ ಗಾಡಿಗಳ ಚಹರೆಯೂ ಬದಲಾಗಿದೆ. ಸೆಡಾನ್ ಇದ್ದ ಜಾಗಕ್ಕೆ ಎತ್ತರದ ಎಸ್‌ಯುವಿ, ಫೋರ್ ಬೈ ಫೋರ್ ಜೀಪು ಬಂದಿವೆ. ತಲೆಯ ಮೇಲಿನ ಕ್ಯಾರಿಯರ್‌ನಲ್ಲಿ ಟೆಂಟು, ಮಡಿಸುವ ಕುರ್ಚಿ, ಐಸ್ ಪೆಟ್ಟಿಗೆ. ಅದರ ಪಕ್ಕದಲ್ಲೇ ಪೈಪಿನೊಳಗೆ ಜೋಪಾನವಾಗಿಟ್ಟ ಹತ್ತು ಹನ್ನೆರಡು ಅಡಿಯ ಫಿಶಿಂಗ್ ರಾಡ್. ದಡದಲ್ಲಿ ನಿಂತು ಅಲೆಗಳಾಚೆ ಗಾಳ ಬೀಸಿ ಮೀನಿಗಾಗಿ ಕಾಯುವ ಹವ್ಯಾಸ ನಮ್ಮ ನಗರದವರಿಗೂ ಹತ್ತಿದೆ. ಅದರ ಹಿಂದೆಯೇ ಇನ್ನೊಂದು ಆಸೆಯೂ ಬಂದಿದೆ. ಆಸ್ಟ್ರೇಲಿಯಾದ, ಅಮೆರಿಕದ ವಿಡಿಯೊಗಳಲ್ಲಿ ಕಾಣುವಂತೆ ಗಾಡಿಯನ್ನು ನೀರಿನ ಅಂಚಿಗೇ ಒಯ್ದು ನಿಲ್ಲಿಸಿ, ಅದರ ಬೆನ್ನಿಗೆ ಒರಗಿ ಗಾಳ ಹಾಕಬೇಕು ಎಂಬ ಆಸೆ.

ಆಸೆ ತಪ್ಪೇನಲ್ಲ. ಆದರೆ ಆ ವಿಡಿಯೊದವರು ಗಾಡಿ ಇಳಿಸುವುದಕ್ಕೆ ಕಾರಣಗಳಿವೆ, ಅದಕ್ಕೆ ಪರವಾನಗಿ ಇದೆ, ನಿಯಮ ಇದೆ. ನಮ್ಮ ಕರಾವಳಿಯಲ್ಲಿ ಆ ಕಾರಣವೂ ಇಲ್ಲ, ಆ ವ್ಯವಸ್ಥೆಯೂ ಇಲ್ಲ. ಇದನ್ನು ಅರ್ಥ ಮಾಡಿಕೊಳ್ಳಲು ಮೊದಲು ಮೀನು ಎಲ್ಲಿರುತ್ತದೆ ಎಂದು ನೋಡಬೇಕು.

ಮೀನು ಇರುವ ಜಾಗ

ದಡದ ಗಾಳ ಎಂದರೆ ಎಷ್ಟು ದೂರ ಎಸೆದರೆ ಅಷ್ಟು ದೊಡ್ಡ ಮೀನು ಎಂದು ಹೊಸಬರು ತಿಳಿಯುತ್ತಾರೆ. ಕಡಲು ಹಾಗೆ ನಡೆಯುವುದಿಲ್ಲ. ಮರಳಿನ ತೀರದಲ್ಲಿ ದಡಕ್ಕೆ ಸಮಾನಾಂತರವಾಗಿ ನೀರಿನಡಿ ಒಂದು ಮರಳ ದಿಬ್ಬ ಇರುತ್ತದೆ. ಅಲೆ ಮೊದಲು ಒಡೆಯುವುದು ಅದರ ಮೇಲೆ. ಆ ದಿಬ್ಬಕ್ಕೂ ದಡಕ್ಕೂ ನಡುವೆ ಸ್ವಲ್ಪ ಆಳದ ಕಾಲುವೆ. ಅಲೆಯ ಹೊಡೆತಕ್ಕೆ ಮರಳು ಕದಡಿ ಹುಳು, ಸಿಗಡಿ, ಪುಟ್ಟ ಏಡಿಗಳು ಅಲ್ಲಿಗೆ ಬಂದು ಬೀಳುತ್ತವೆ. ಅವನ್ನು ಹುಡುಕಿಕೊಂಡು ಮೀನು ಬರುತ್ತದೆ. ಕರಾವಳಿಯವರ ಊಟದ ತಟ್ಟೆಯಲ್ಲಿ ಗೌರವದ ಸ್ಥಾನ ಪಡೆದ ಕಾಣೆ ಮೀನು ಇಂಥ ಮರಳು ತಳದ ತೆಳುನೀರಿನಲ್ಲೇ ಓಡಾಡುವಂಥದ್ದು. ಅಂದರೆ ಬಹಳ ಸಲ ಮೀನು ನಿಂತವರ ಕಾಲಿಂದ ಇಪ್ಪತ್ತು ಮೂವತ್ತು ಮೀಟರ್ ದೂರದಲ್ಲಿರುತ್ತದೆ. ಹೊಸಬರ ಗಾಳ ಅದರ ತಲೆಯ ಮೇಲೆ ಹಾರಿ ಆಚೆ ಬೀಳುತ್ತದೆ.

ಈ ಕಾಲುವೆಯನ್ನು ಗುರುತಿಸುವುದು ಕಣ್ಣಿನ ಕೆಲಸ. ಇಳಿತದ ಹೊತ್ತಿನಲ್ಲಿ ಸ್ವಲ್ಪ ಎತ್ತರದಲ್ಲಿ ನಿಂತು ನೋಡಿದರೆ ಬಿಳಿ ನೊರೆಯ ಸಾಲುಗಳ ನಡುವೆ ಬಣ್ಣ ಗಾಢವಾದ, ಅಲೆ ಒಡೆಯದ ಪಟ್ಟಿ ಕಾಣುತ್ತದೆ. ಅದು ಆಳದ ಜಾಗ. ಕೆಲವೆಡೆ ಅದು ದಿಬ್ಬವನ್ನು ಸೀಳಿಕೊಂಡು ಕಡಲಿನತ್ತ ಹೋಗಿರುತ್ತದೆ. ಅಲ್ಲಿ ನೀರು ಹೊರಕ್ಕೆ ಸೆಳೆಯುತ್ತದೆ, ಮೀನಿಗೆ ಅದೇ ಹೆದ್ದಾರಿ. ಈಜಲು ಇಳಿದವರನ್ನು ಒಳಕ್ಕೆ ಎಳೆದುಕೊಂಡು ಹೋಗುವುದೂ ಅದೇ ಸೆಳೆತ. ಆದ್ದರಿಂದ ಗಾಳ ಹಾಕಲು ಒಳ್ಳೆಯ ಜಾಗ ಎಂದು ಕಂಡದ್ದರಲ್ಲಿ ಮೊಣಕಾಲಿಗಿಂತ ಆಳಕ್ಕೆ ಇಳಿಯಬಾರದು. ಮಕ್ಕಳನ್ನಂತೂ ಹತ್ತಿರ ಬಿಡಲೇಬಾರದು.

ಜಾಗದಷ್ಟೇ ಮುಖ್ಯ ಹೊತ್ತು. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ದಿನದಿಂದ ದಿನಕ್ಕೆ ಅವು ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತವೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರಿನ ಏರಿಳಿತ ಹೆಚ್ಚು. ನೀರು ಏರತೊಡಗಿದ ಮೊದಲ ಒಂದೆರಡು ಗಂಟೆ, ಅದೂ ನಸುಕು ಅಥವಾ ಮುಸ್ಸಂಜೆಗೆ ಕೂಡಿ ಬಂದರೆ, ಗಾಳದವರಿಗೆ ಹಬ್ಬ. ಅಳಿವೆಯ ಬಾಯಿಯಲ್ಲಿ ಹೊಳೆಯ ನೀರೂ ಕಡಲ ನೀರೂ ಬೆರೆಯುವ ಕಡೆ ಇದು ಇನ್ನೂ ಚೆನ್ನ. ಶಾಂಭವಿ ಮತ್ತು ನಂದಿನಿ ಹೊಳೆಗಳು ಕಡಲು ಸೇರುವ ಸಸಿಹಿತ್ಲು ಅಂಥದೊಂದು ಜಾಗ.

ಇಷ್ಟೂ ಲೆಕ್ಕದಲ್ಲಿ ಗಾಡಿಗೆ ಎಲ್ಲೂ ಪಾತ್ರವಿಲ್ಲ ಎಂಬುದನ್ನು ಗಮನಿಸಿ. ಬೇಕಾದದ್ದು ಕಣ್ಣು, ಉಬ್ಬರ ಇಳಿತದ ವೇಳಾಪಟ್ಟಿ, ತಾಳ್ಮೆ ಮತ್ತು ನಡೆಯಬಲ್ಲ ಎರಡು ಕಾಲು.

ಅಲ್ಲಿ ಯಾಕೆ ಗಾಡಿ ಬೇಕು?

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ತೀರದಾಚೆ ಕ'ಗಾರಿ ಎಂಬ ಮರಳಿನ ದ್ವೀಪವಿದೆ. ಮೊದಲು ಫ್ರೇಸರ್ ದ್ವೀಪ ಎನ್ನುತ್ತಿದ್ದರು. 2023ರಲ್ಲಿ ಅಲ್ಲಿನ ಮೂಲನಿವಾಸಿಗಳಿಟ್ಟ ಹೆಸರಿಗೆ ಅಧಿಕೃತವಾಗಿ ಮರಳಿತು. ಅದರ ಪೂರ್ವದ ತೀರವನ್ನು ಸರ್ಕಾರವೇ ರಸ್ತೆಯೆಂದು ಗುರುತಿಸಿದೆ. ವೇಗಮಿತಿ ಇದೆ, ಪೊಲೀಸರಿದ್ದಾರೆ, ಗಾಡಿಗೆ ಹಣ ಕೊಟ್ಟು ಪರವಾನಗಿ ಪಡೆಯಬೇಕು. ಯಾಕೆಂದರೆ ಅಲ್ಲಿ ಟಾರು ರಸ್ತೆಗಳ ಜಾಲವಿಲ್ಲ. ನೂರಾರು ಕಿಲೊಮೀಟರ್ ಮರಳು ಬಿಟ್ಟರೆ ಓಡಾಡಲು ಬೇರೆ ದಾರಿ ಕಡಿಮೆ.

ಅಮೆರಿಕದ ನಾರ್ತ್ ಕ್ಯಾರೊಲೈನಾದ ಕೇಪ್ ಹಟೆರಸ್ ಇನ್ನೊಂದು ಮಾದರಿ. ರಾಲೀ, ಕ್ಯಾರಿ ಊರುಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೂ ಅದು ವಾರಾಂತ್ಯದಲ್ಲಿ ಹೋಗಿ ಬರುವಷ್ಟು ದೂರ. ದಡದಿಂದ ಗಾಳ ಹಾಕುವವರ ದೊಡ್ಡ ಯಾತ್ರಾಸ್ಥಳ ಅದು. ದಶಕಗಳ ಕಾಲ ಯಾರು ಬೇಕಾದರೂ ಗಾಡಿ ಇಳಿಸುತ್ತಿದ್ದರು. ಹಕ್ಕಿ, ಆಮೆಗಳ ಪರವಾಗಿ ನಿಂತವರು ನ್ಯಾಯಾಲಯಕ್ಕೆ ಹೋದರು. ಜಗಳ ವರ್ಷಗಟ್ಟಲೆ ನಡೆದು 2012ರ ಫೆಬ್ರುವರಿಯಿಂದ ಪರವಾನಗಿ ಪದ್ಧತಿ ಬಂತು. ಈಗ ಅಲ್ಲಿ ಗಂಟೆಗೆ 15 ಮೈಲಿ, ಅಂದರೆ ಸುಮಾರು 24 ಕಿಲೊಮೀಟರ್ ಮಿತಿ. ಗಾಡಿಯಲ್ಲಿ ಸಲಿಕೆ, ಜಾಕ್, ಜಾಕ್ ಕೆಳಗಿಡುವ ಹಲಗೆ, ಟೈರಿನ ಗಾಳಿ ಅಳೆಯುವ ಮಾಪಕ ಇರಲೇಬೇಕು. ಆಮೆಗಳು ಮೊಟ್ಟೆಯಿಡುವ ತಿಂಗಳುಗಳಲ್ಲಿ ರಾತ್ರಿ ಗಾಡಿ ಓಡಿಸುವಂತಿಲ್ಲ. ಹಕ್ಕಿ ಗೂಡು ಕಟ್ಟಿದ ಕಡೆ ದಾರಿಯೇ ಬಂದ್.

ಈಗ ನಮ್ಮ ಕಡೆ ನೋಡಿ. ಕರ್ನಾಟಕದ ಕರಾವಳಿ ಸುಮಾರು 320 ಕಿಲೊಮೀಟರ್. ತಲಪಾಡಿಯಿಂದ ಕಾರವಾರದ ಮಾಜಾಳಿಯವರೆಗೆ ರಾಷ್ಟ್ರೀಯ ಹೆದ್ದಾರಿ 66 ಅದರ ಉದ್ದಕ್ಕೂ ಬೆನ್ನಿಗೆ ಬೆನ್ನು ಕೊಟ್ಟು ಸಾಗಿದೆ. ಮರವಂತೆಯಲ್ಲಿ ಒಂದು ಬದಿ ಸೌಪರ್ಣಿಕಾ, ಇನ್ನೊಂದು ಬದಿ ಅರಬ್ಬಿ ಸಮುದ್ರ, ನಡುವೆ ಹೆದ್ದಾರಿ. ಬಾಗಿಲು ತೆಗೆದು ಇಳಿದರೆ ಕೆಲವೇ ಹೆಜ್ಜೆಗೆ ಮರಳು. ಉಳಿದ ಕಡೆಗಳಲ್ಲೂ ಹೆದ್ದಾರಿಯಿಂದ ತೆಂಗಿನ ತೋಟಗಳ ನಡುವೆ ಮೀನುಗಾರರ ಊರಿಗೆ ಕಾಂಕ್ರೀಟ್ ರಸ್ತೆ ಇದ್ದೇ ಇರುತ್ತದೆ. ಆ ರಸ್ತೆ ಮುಗಿದ ಜಾಗದಿಂದ ನೀರಿಗೆ ಹೆಚ್ಚೆಂದರೆ ನೂರಿನ್ನೂರು ಮೀಟರ್. ಕ'ಗಾರಿಯಲ್ಲಿ ಮರಳ ಮೇಲೆ ಗಾಡಿ ಓಡಿಸುವುದು ಅನಿವಾರ್ಯ, ಮರವಂತೆಯಲ್ಲಿ ಅದು ಬರೀ ಶೋಕಿ.

ಮರಳಿನ ಕೆಳಗೆ ಇರುವವರು

ಕಡಲತೀರ ನೋಡಲು ಖಾಲಿ. ಅದಕ್ಕೇ ಅಲ್ಲಿ ಗಾಡಿ ಓಡಿಸಿದರೆ ಯಾರಿಗೆ ನಷ್ಟ ಎಂಬ ಪ್ರಶ್ನೆ ಸಹಜವಾಗಿ ಬರುತ್ತದೆ.

ಮೊದಲನೆಯದು ಕಡಲಾಮೆ. ಆಲಿವ್ ರಿಡ್ಲೆ ಆಮೆಗಳು ನಮ್ಮ ಉತ್ತರ ಕನ್ನಡ, ಉಡುಪಿ ತೀರಗಳಿಗೆ ಮೊಟ್ಟೆಯಿಡಲು ಬರುತ್ತವೆ. ಹೊನ್ನಾವರದ ಕಾಸರಕೋಡು ಟೊಂಕ, ಕುಂದಾಪುರದ ಕೋಡಿ ಅವುಗಳ ಪರಿಚಿತ ಜಾಗಗಳು. 2024ರ ಆರಂಭದಲ್ಲಿ ಮಂಗಳೂರಿನ ಸುತ್ತಮುತ್ತಲೂ ಗೂಡುಗಳು ಪತ್ತೆಯಾಗಿ, ಅರಣ್ಯ ಇಲಾಖೆ ಅವಕ್ಕೆ ಕಾವಲಿಟ್ಟಿತು. ಹೆಣ್ಣಾಮೆ ರಾತ್ರಿ ಹೊತ್ತು ಉಬ್ಬರದ ಗೆರೆ ದಾಟಿ ಮೇಲೆ ಬಂದು, ಮರಳು ತೋಡಿ ನೂರರ ಆಸುಪಾಸು ಮೊಟ್ಟೆಯಿಟ್ಟು, ಗುರುತೇ ಸಿಗದಂತೆ ಮುಚ್ಚಿ ಹೋಗುತ್ತದೆ. ಮರಿ ಹೊರಬರಲು ಒಂದೂವರೆಯಿಂದ ಎರಡು ತಿಂಗಳು. ಆ ಗೂಡಿನ ಮೇಲೆ ಎರಡು ಟನ್ ಭಾರದ ಗಾಡಿ ಹೋದರೆ ಮರಳು ಗಟ್ಟಿಯಾಗಿ ಮರಿಗಳು ಮೇಲೆ ಬರಲಾರವು. ಬಂದರೂ ಇನ್ನೆರಡು ಗಂಡಾಂತರ. ಬೊಗಸೆಯಷ್ಟೂ ಇಲ್ಲದ ಮರಿಗೆ ಟೈರು ಕೊರೆದ ಗೀರು ಹತ್ತಲಾಗದ ಗೋಡೆ. ಅದರೊಳಗೆ ಸಿಕ್ಕಿ ಉದ್ದಕ್ಕೆ ಓಡುತ್ತ ಏಡಿಗೋ ನಾಯಿಗೋ ಕಾಗೆಗೋ ತುತ್ತಾಗುತ್ತದೆ. ಇನ್ನೊಂದು, ಬೆಳಕು. ಮರಿಗಳು ಬೆಳಕಿರುವ ದಿಗಂತವೇ ಕಡಲು ಎಂದು ನಂಬಿ ಹೊರಡುತ್ತವೆ. ಗಾಡಿಯ ಹೆಡ್‌ಲೈಟ್ ಅವನ್ನು ಹಿಂದಕ್ಕೆ, ರಸ್ತೆಯತ್ತ ಕರೆಯುತ್ತದೆ.

ಪಶ್ಚಿಮ ತೀರದಲ್ಲಿ ಆಮೆಗಳು ಹೆಚ್ಚಾಗಿ ಬರುವುದು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ. ಕಡಲು ಶಾಂತವಾಗಿ, ಬೆಂಗಳೂರಿನವರು ಗುಂಪು ಗುಂಪಾಗಿ ಕರಾವಳಿಗೆ ಹೋಗುವುದೂ, ಗಾಳದವರು ರಾತ್ರಿ ಪಾಳಿಗೆ ಕೂರುವುದೂ ಅದೇ ತಿಂಗಳುಗಳಲ್ಲಿ. ಅಪಾಯ ಇರುವುದು ಈ ಕಾಕತಾಳೀಯದಲ್ಲಿ.

ಎರಡನೆಯದು ದಡದ ಮೇಲಿನ ಮರಳ ದಿಬ್ಬ. ಉಬ್ಬರದ ಗೆರೆಯ ಮೇಲೆ ನೇರಳೆ ಹೂವಿನ ಅಡುಂಬು ಬಳ್ಳಿ, ಮುಳ್ಳು ಮುಳ್ಳಾದ ರಾವಣನ ಮೀಸೆ ಹುಲ್ಲು ಹಬ್ಬಿ ಮರಳನ್ನು ಹಿಡಿದಿಡುತ್ತವೆ. ಮಳೆಗಾಲದಲ್ಲಿ ಕಡಲು ಕೊರೆದ ಮರಳನ್ನು ಹಿಂದಿನಿಂದ ತುಂಬಿಕೊಡುವ ಉಗ್ರಾಣ ಈ ದಿಬ್ಬಗಳೇ. ಗಾಡಿಗಳು ಪದೇ ಪದೇ ಒಂದೇ ಕಡೆ ಹತ್ತಿ ಇಳಿದರೆ ಬಳ್ಳಿ ಸಾಯುತ್ತದೆ, ದಿಬ್ಬದಲ್ಲಿ ಬಿರುಕು ಬೀಳುತ್ತದೆ, ಗಾಳಿ ಅದನ್ನು ಅಗಲ ಮಾಡುತ್ತದೆ. ಉಳ್ಳಾಲ, ಸೋಮೇಶ್ವರ, ಮರವಂತೆಗಳಲ್ಲಿ ಕಡಲಕೊರೆತ ತಡೆಯಲು ಸರ್ಕಾರ ಕಲ್ಲು ಸುರಿದು ಕೋಟಿಗಟ್ಟಲೆ ಖರ್ಚು ಮಾಡಿದೆ. ಬಳ್ಳಿಗಳು ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತವೆ.

ದಕ್ಷಿಣ ಆಫ್ರಿಕಾ ಇದನ್ನೆಲ್ಲ ಲೆಕ್ಕ ಹಾಕಿ 2002ರ ಜನವರಿಯಿಂದ ಕಡಲತೀರದಲ್ಲಿ ಮನರಂಜನೆಗಾಗಿ ಗಾಡಿ ಓಡಿಸುವುದನ್ನು ನಿಲ್ಲಿಸಿತು. ಗಾಳ ಹಾಕುವವರು ದೊಡ್ಡ ಸಂಖ್ಯೆಯಲ್ಲಿರುವ ದೇಶ ಅದು. ಕೂಗು, ಪ್ರತಿಭಟನೆ ಎಲ್ಲ ಆಯಿತು. ಆಮೇಲಿನ ವರ್ಷಗಳಲ್ಲಿ ಮರಳಿನಲ್ಲಿ ಗೂಡು ಮಾಡುವ ಹಕ್ಕಿಗಳು ಚೇತರಿಸಿಕೊಂಡವು.

ಇದನ್ನು ಅರಿಯಲು ಬೆಂಗಳೂರಿನವರು ಅಷ್ಟು ದೂರ ಹೋಗಬೇಕಿಲ್ಲ. ಹೆಸರಘಟ್ಟದ ಹುಲ್ಲುಗಾವಲನ್ನು ಖಾಲಿ ಜಾಗವೆಂದು ಬಗೆದು ಅದರ ಮೇಲೆ ಗಾಡಿ ಹರಿಸಿದವರು ಎಷ್ಟೋ ಮಂದಿ. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಊರು ಅದು ಎಂದು ಪರಿಸರಾಸಕ್ತರು ವರ್ಷಾನುಗಟ್ಟಲೆ ಹೇಳಿ ಹೇಳಿ, ಕೊನೆಗೆ 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಅದನ್ನು ಸಂರಕ್ಷಣಾ ಮೀಸಲು ಮಾಡಲು ಒಪ್ಪಿತು. ಕಡಲತೀರದ ಕಥೆಯೂ ಇದೇ. ಖಾಲಿ ಕಂಡ ಮಾತ್ರಕ್ಕೆ ಅದು ಯಾರದೂ ಅಲ್ಲ ಎಂದಾಗುವುದಿಲ್ಲ.

ಕಾನೂನು ಏನು ಹೇಳುತ್ತದೆ

ಕರಾವಳಿ ನಿಯಂತ್ರಣ ವಲಯದ ಮೊದಲ ಅಧಿಸೂಚನೆ ಬಂದದ್ದು 1991ರಲ್ಲಿ. ಅದನ್ನು 2011ರಲ್ಲಿ, ಮತ್ತೆ 2019ರಲ್ಲಿ ಹೊಸದಾಗಿ ಬರೆದರು. ಆಮೆ ಮೊಟ್ಟೆಯಿಡುವ ಜಾಗ, ಮರಳ ದಿಬ್ಬ, ಕಾಂಡ್ಲಾ ಕಾಡುಗಳನ್ನು ಅದು ಅತಿ ಸೂಕ್ಷ್ಮ ವರ್ಗದಲ್ಲಿ ಇಟ್ಟಿದೆ. ಉಬ್ಬರ ಇಳಿತದ ಗೆರೆಗಳ ನಡುವಿನ ಮರಳೂ ಅದರ ವ್ಯಾಪ್ತಿಯೊಳಗೇ ಬರುತ್ತದೆ. ಆದರೆ ಆ ನಿಯಮ ಬರೆದವರ ಕಣ್ಣ ಮುಂದೆ ಇದ್ದದ್ದು ಹೋಟೆಲು, ಕಾರ್ಖಾನೆ, ಮರಳು ಗಣಿಗಾರಿಕೆ. ಶನಿವಾರ ಬಂದು ಭಾನುವಾರ ಹೋಗುವ ಎಸ್‌ಯುವಿ ಅವರ ಗಮನದಲ್ಲಿ ಅಷ್ಟಾಗಿ ಇರಲಿಲ್ಲ.

ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972 ಹೆಚ್ಚು ನೇರ. ಕಡಲಾಮೆ ಅದರ ಒಂದನೇ ಪರಿಚ್ಛೇದದಲ್ಲಿದೆ. ಹುಲಿ, ಆನೆಗಳಿಗೆ ಇರುವ ರಕ್ಷಣೆಯೇ ಅದಕ್ಕೂ ಇದೆ. ಈ ಪರಿಚ್ಛೇದದ ಪ್ರಾಣಿಗಳ ವಿಷಯದ ಅಪರಾಧಕ್ಕೆ 3ರಿಂದ 7 ವರ್ಷ ಜೈಲು. ಆಮೆಯ ಮೊಟ್ಟೆಗೆ ಕೈ ಹಾಕುವುದೂ ಅಪರಾಧವೇ.

2020ರ ಅಕ್ಟೋಬರ್‌ನಲ್ಲಿ ಹೊನ್ನಾವರದ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ ತೀರಗಳಿಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಆ ಮಾನ್ಯತೆಯ ಷರತ್ತುಗಳಲ್ಲೇ ಅನಧಿಕೃತ ವಾಹನ ಸಂಚಾರ, ಟೆಂಟು ಹಾಕುವುದು ಸಲ್ಲದು ಎಂದಿದೆ. ಪಕ್ಕದ ಗೋವಾದಲ್ಲಿ ಬೀಚಿಗೆ ಗಾಡಿ ಇಳಿಸಿದ ಪ್ರವಾಸಿಗರ ಮೇಲೆ ಪೊಲೀಸರು ಕೇಸು ಹಾಕುತ್ತಾರೆ. ಗಾಡಿ ಓಡಿಸಲು ಹೇಳಿ ಮಾಡಿಸಿದಂತಿದೆ ಎಂದು ಹೆಸರಾಗಿದ್ದ ಪಶ್ಚಿಮ ಬಂಗಾಳದ ಮಂದಾರ್‌ಮಣಿಯಲ್ಲಿ 2016ರಲ್ಲಿ ಮರಳ ಮೇಲೇ ಕಾರು ಅಪಘಾತವಾಗಿ ಯುವಕರು ಜೀವ ಕಳೆದುಕೊಂಡರು. ಗುಜರಾತಿನ ಮುಂದ್ರಾ ಬಳಿ 2024ರ ಜೂನ್‌ನಲ್ಲಿ ರೀಲ್ಸ್ ಮಾಡಲು ನೀರಿಗಿಳಿಸಿದ ಎರಡು ಜೀಪುಗಳು ಅಲೆಯಲ್ಲಿ ಸಿಕ್ಕಿಕೊಂಡವು, ಮಾಲೀಕರು ಪೊಲೀಸ್ ಠಾಣೆ ಹತ್ತಿದರು.

ನಮ್ಮ ತೀರಗಳಲ್ಲಿ ಬಹಳ ಕಡೆ ಫಲಕವೂ ಇಲ್ಲ, ತಡೆಗಂಬವೂ ಇಲ್ಲ. ಫಲಕ ಇಲ್ಲ ಎಂದರೆ ಅಪ್ಪಣೆ ಇದೆ ಎಂದಲ್ಲ. ಗೊತ್ತಿಲ್ಲದಿದ್ದರೆ ಊರ ಪಂಚಾಯಿತಿಯನ್ನೋ ಕರಾವಳಿ ಕಾವಲು ಪೊಲೀಸರನ್ನೋ ಕೇಳುವುದು ಐದು ನಿಮಿಷದ ಕೆಲಸ.

ಬಿಟ್ಟಿರುವ ಕಡೆ ಹೇಗೆ ಓಡಿಸಬೇಕು

ಓಡಿಸಲೇಬೇಕು ಎನ್ನುವವರಿಗೆ ಹತ್ತಿರದ ದಾರಿ ಇದೆ. ತಲಶ್ಶೇರಿ ಮತ್ತು ಕಣ್ಣೂರಿನ ನಡುವೆ, ಧರ್ಮಡಂ ದ್ವೀಪದ ಬದಿಯಲ್ಲಿರುವ ಮುಳಪ್ಪಿಲಂಗಾಡ್ ಬೀಚಿನಲ್ಲಿ ಸುಮಾರು 4 ಕಿಲೊಮೀಟರ್ ಉದ್ದಕ್ಕೆ ಶುಲ್ಕ ಕೊಟ್ಟು ಗಾಡಿ ಓಡಿಸಬಹುದು. ಅಲ್ಲಿ ನೀರಿನಲ್ಲಿ ಎದ್ದಿರುವ ಕಪ್ಪು ಬಂಡೆಗಳು ಅಲೆಯ ಬಲ ಮುರಿಯುತ್ತವೆ. ತೀರ ಬಹಳ ಸಮತಟ್ಟು, ಮರಳು ನುಣುಪಾಗಿ ಗಟ್ಟಿ ಕೂತಿದೆ. ಮಾಮೂಲಿ ಹ್ಯಾಚ್‌ಬ್ಯಾಕ್ ಕಾರೂ ಓಡುತ್ತದೆ. ಹೊರಡುವ ಮುನ್ನ ಆ ವಾರ ಪ್ರವೇಶ ಇದೆಯೇ ಎಂದು ವಿಚಾರಿಸಿಕೊಳ್ಳಬೇಕು. ಇದನ್ನು ನೋಡಿ ಬಂದು ಎಲ್ಲ ಬೀಚೂ ಹೀಗೇ ಎಂದುಕೊಂಡು ಮಲ್ಪೆಯಲ್ಲೋ ತ್ರಾಸಿಯಲ್ಲೋ ಇಳಿಸುವವರೇ ಹೂತು ಹೋಗುವುದು.

ಮರಳಿನ ಗುಣ ನೀರಿನ ಮೇಲೆ ನಿಂತಿದೆ. ಒಣ ಮರಳು ರಾಗಿ ರಾಶಿಯ ಹಾಗೆ, ಕಾಲಿಟ್ಟಲ್ಲಿ ಜಾರಿ ಪಕ್ಕಕ್ಕೆ ಸರಿಯುತ್ತದೆ. ಹದವಾಗಿ ಒದ್ದೆಯಾದ ಮರಳಿನಲ್ಲಿ ಕಣಗಳ ನಡುವಿನ ನೀರಿನ ತೆಳು ಪದರ ಅವನ್ನು ಒಟ್ಟಿಗೆ ಬಿಗಿಯುತ್ತದೆ. ಇಳಿತದಲ್ಲಿ ಹೊರಬರುವ ತೇವದ ಪಟ್ಟಿ ಗಟ್ಟಿ ಇರುವುದು ಇದೇ ಕಾರಣಕ್ಕೆ. ನೀರು ಪೂರ್ತಿ ತುಂಬಿದರೆ ಬಿಗಿ ಮತ್ತೆ ಬಿಟ್ಟುಹೋಗುತ್ತದೆ. ನೀರಿನ ಅಂಚಿನಲ್ಲಿ ನಿಲ್ಲಿಸಿದ ಗಾಡಿಯ ಚಕ್ರದ ಸುತ್ತ ಒಂದೊಂದು ಅಲೆಯೂ ಮರಳನ್ನು ಕೊರೆದುಕೊಂಡು ಹೋಗಿ, ಎಂಜಿನ್ ಆಫ್ ಮಾಡಿ ಫೋಟೊ ತೆಗೆಯುವಷ್ಟರಲ್ಲಿ ಆಕ್ಸಲ್ ನೆಲ ಮುಟ್ಟಿರುತ್ತದೆ. ಆಮೇಲೆ ಉಬ್ಬರ ಕಾಯುವುದಿಲ್ಲ.

ಅನುಭವಸ್ಥರು ಪಾಲಿಸುವ ಕ್ರಮ ಹೀಗಿದೆ.

ಇಳಿತಕ್ಕೆ ಎರಡು ಗಂಟೆ ಮುಂಚೆ ಇಳಿದು, ಇಳಿತ ಕಳೆದ ಎರಡು ಗಂಟೆಯೊಳಗೆ ಮೇಲೆ ಬಂದುಬಿಡುತ್ತಾರೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಎತ್ತರದ ಅಲೆಗಳ ಬಗ್ಗೆ ಎಚ್ಚರಿಕೆ ಕೊಡುತ್ತದೆ. ಎಚ್ಚರಿಕೆ ಇರುವ ದಿನ ಹೋಗುವುದೇ ಇಲ್ಲ. ದೂರದ ಬಿರುಗಾಳಿ ಎಬ್ಬಿಸಿದ ಅಲೆ, ಇಲ್ಲಿ ಆಕಾಶ ನಿರ್ಮಲವಾಗಿದ್ದಾಗಲೂ ದಡ ನುಂಗಬಲ್ಲದು.

ಊರ ರಸ್ತೆಯಲ್ಲಿ 32ರಿಂದ 35 ಪಿಎಸ್‌ಐ ಇರುವ ಟೈರಿನ ಗಾಳಿಯನ್ನು ಮೆತ್ತನೆ ಮರಳಿಗೆ 18ರಿಂದ 20ಕ್ಕೆ ಇಳಿಸುತ್ತಾರೆ. ಟೈರು ಉದ್ದಕ್ಕೆ ಚಪ್ಪಟೆಯಾಗಿ ಭಾರ ಹಂಚಿಹೋಗುತ್ತದೆ, ಗೀರು ಆಳವಾಗುವುದಿಲ್ಲ. ತೀರಕ್ಕಾಗುವ ಗಾಯವೂ ಅಷ್ಟರಮಟ್ಟಿಗೆ ಕಡಿಮೆ. 15ಕ್ಕಿಂತ ಕೆಳಗೆ ಹೋದರೆ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚುವ ಭಯ. ವಾಪಸ್ ರಸ್ತೆಗೆ ಬಂದ ಕೂಡಲೇ ಗಾಳಿ ತುಂಬಿಸಬೇಕು. ಅದಕ್ಕೆ ಸಣ್ಣ ಕಂಪ್ರೆಸರ್ ಜೊತೆಯಲ್ಲಿರಬೇಕು. ಕಡಿಮೆ ಗಾಳಿಯಲ್ಲಿ ಹೆದ್ದಾರಿಯಲ್ಲಿ ಓಡಿಸಿದರೆ ಟೈರು ಬಿಸಿಯಾಗಿ ಸಿಡಿಯುತ್ತದೆ.

ಮರಳಿನಲ್ಲಿ ಒಂದೇ ಸಮನಾದ ನಿಧಾನ ವೇಗ. ಗಕ್ಕನೆ ಬ್ರೇಕ್ ಇಲ್ಲ, ಗಕ್ಕನೆ ತಿರುವಿಲ್ಲ. ನಿಲ್ಲಿಸಬೇಕಾದರೆ ಆಕ್ಸಿಲರೇಟರ್ ಬಿಟ್ಟು ತಾನಾಗಿ ನಿಲ್ಲಲು ಬಿಡುವುದು. ಚಕ್ರ ತಿರುಗಿ ಗಾಡಿ ಮುಂದೆ ಹೋಗದಿದ್ದರೆ ತಕ್ಷಣ ಕಾಲು ತೆಗೆಯಬೇಕು. ಇನ್ನಷ್ಟು ಒತ್ತಿದಷ್ಟೂ ಗುಂಡಿ ಆಳವಾಗುತ್ತದೆ. ಇಳಿದು, ಚಕ್ರದ ಮುಂದೆ ಹಿಂದೆ ಸಲಿಕೆಯಿಂದ ಮರಳು ಬಗೆದು, ಹಲಗೆಯೋ ರಬ್ಬರ್ ಮ್ಯಾಟೋ ಕೊಟ್ಟು, ಬಂದ ಗೀರಿನಲ್ಲೇ ಹಿಂದಕ್ಕೆ ಬರುವುದು ಸುಲಭ. ಒಂಟಿ ಗಾಡಿಯಲ್ಲಿ ಹೋಗುವುದು ಬೇಡ. ದಿಬ್ಬ, ಬಳ್ಳಿ, ಒಣ ಕಸದ ಗೆರೆಯ ಮೇಲೆ ಚಕ್ರ ಹತ್ತಿಸುವುದು ಬೇಡ. ಕತ್ತಲಾದ ಮೇಲೆ ಓಡಿಸುವುದಂತೂ ಬೇಡವೇ ಬೇಡ.

ಎತ್ತರದ ಗಾಡಿಗಳೆಲ್ಲ ಫೋರ್ ಬೈ ಫೋರ್ ಅಲ್ಲ ಎಂಬುದನ್ನೂ ಮರೆಯಬಾರದು. ನಮ್ಮ ಬಡಾವಣೆಗಳಲ್ಲಿ ಓಡಾಡುವ ಎಸ್‌ಯುವಿಗಳಲ್ಲಿ ಬಹುಪಾಲು ಮುಂದಿನ ಎರಡು ಚಕ್ರದಿಂದಷ್ಟೇ ಎಳೆಯುವಂಥವು. ಮನೆಗೆ ಬಂದ ಮೇಲೆ ಗಾಡಿಯ ಅಡಿಭಾಗವನ್ನು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಸದಿದ್ದರೆ ಉಪ್ಪು ತನ್ನ ಕೆಲಸ ಶುರುಮಾಡುತ್ತದೆ.

ಅದು ಬೇರೆಯವರ ಕೆಲಸದ ಜಾಗ

ನಮಗೆ ವಿಹಾರದ ತೀರವಾದದ್ದು ಮೊಗವೀರರು, ಖಾರ್ವಿಗಳು, ಹರಿಕಂತ್ರರು, ಅಂಬಿಗರಿಗೆ ಕೆಲಸದ ಜಾಗ. ನಾಡದೋಣಿ ಎಳೆದು ನಿಲ್ಲಿಸುವುದು, ಬಲೆ ಹರಡಿ ಸರಿಮಾಡುವುದು, ಮೀನು ಒಣಗಿಸುವುದು ಎಲ್ಲ ಅಲ್ಲೇ. ಒಂದು ಕಾಲಕ್ಕೆ ಊರಿಗೆ ಊರೇ ಸೇರಿ ದಡದಿಂದ ರಂಪಣಿ ಬಲೆ ಎಳೆಯುತ್ತಿತ್ತು. 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ಅದು ಕುಗ್ಗಿತು. ಸಣ್ಣ ಗಾತ್ರದ ಕೈರಂಪಣಿ ಮಾತ್ರ ಇಂದಿಗೂ ಅಲ್ಲಲ್ಲಿ ಉಳಿದಿದೆ. ಬಲೆಯ ಎರಡು ತುದಿ ಹಿಡಿದು ಎರಡು ಸಾಲು ಜನ ಹಿಂದೆ ಹಿಂದೆ ಹೆಜ್ಜೆಯಿಡುವಾಗ ನಡುವೆ ಗಾಡಿ ನುಗ್ಗಿಸುವುದೂ, ಆ ಬಲೆಯ ಸುತ್ತಿನೊಳಕ್ಕೆ ಗಾಳ ಎಸೆಯುವುದೂ ಒಂದೇ ತರದ ಅವಿವೇಕ.

ಅವರನ್ನು ಕೇಳಿದರೆ ಗಾಳದವರಿಗೆ ಲಾಭವೇ. "ಅಣ್ಣಾ, ಇಲ್ಲಿ ಗಾಳ ಹಾಕಬಹುದಾ? ಎಷ್ಟೊತ್ತಿಗೆ ನೀರು ಏರ್ತದೆ?" ಎಂದು ವಿಚಾರಿಸಿದವರಿಗೆ "ಗಾಡಿ ಮೇಲೆಯೇ ಇರಲಿ ಮಾರಾಯ್ರೆ, ಆ ಕಲ್ಲಿನ ಬದಿಗೆ ಹೋಗಿ ನೋಡಿ" ಎಂಬ ಉತ್ತರ ಸಿಗುತ್ತದೆ. ಯಾವ ಆ್ಯಪ್ ಕೂಡ ಹೇಳದ ಜಾಗ ಅದು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನು ಮರಿಮಾಡಲೆಂದು ಯಾಂತ್ರೀಕೃತ ದೋಣಿಗಳು ದಡದಲ್ಲೇ ಇರುತ್ತವೆ. ಮೀನುಗಾರಿಕೆಯನ್ನೇ ನಂಬಿ ಬದುಕುವವರು ಎರಡು ತಿಂಗಳು ಕೈಕಟ್ಟಿ ಕೂರುವಾಗ, ಹವ್ಯಾಸಕ್ಕೆ ಬಂದವರು ಅಂಗೈ ಅಗಲದ ಮರಿಮೀನನ್ನು ಕಡಲಿಗೆ ಮರಳಿ ಬಿಡುವುದು ದೊಡ್ಡ ತ್ಯಾಗವೇನಲ್ಲ. ತುಂಡಾದ ನೈಲಾನ್ ದಾರ, ಕೊಕ್ಕೆಗಳನ್ನು ಮರಳಿನಲ್ಲಿ ಬಿಟ್ಟು ಬರಬಾರದು. ಬರಿಗಾಲಲ್ಲಿ ಬಲೆ ಎಳೆಯುವವರ ಕಾಲಿಗೆ ಅದು ಚುಚ್ಚುತ್ತದೆ, ಹಕ್ಕಿ, ಆಮೆಗಳ ಕೊರಳಿಗೆ ಸುತ್ತಿಕೊಳ್ಳುತ್ತದೆ.

ಆಗಬೇಕಾದದ್ದು

ಸರ್ಕಾರ ಮಾಡಬೇಕಾದ ಕೆಲಸ ದೊಡ್ಡದಲ್ಲ. ಬೀಚಿಗೆ ಹೋಗುವ ಪ್ರತಿ ರಸ್ತೆಯ ತುದಿಯಲ್ಲಿ ನಾಲ್ಕು ಗಟ್ಟಿ ಕಂಬ, ದೋಣಿ ಸಾಗಿಸುವ ಗಾಡಿಗೆ ಮಾತ್ರ ತೆಗೆಯಬಹುದಾದ ಒಂದು ಸರಪಳಿ, ಹಿಂದೆ ಪಾರ್ಕಿಂಗಿಗೆ ಸ್ವಲ್ಪ ಜಾಗ, ಕನ್ನಡದಲ್ಲಿ ಸ್ಪಷ್ಟವಾದ ಒಂದು ಫಲಕ. ಪಾರ್ಕಿಂಗ್ ಶುಲ್ಕ ಊರ ಪಂಚಾಯಿತಿಗೇ ಹೋದರೆ ಕಾಯುವವರೂ ಅಲ್ಲೇ ಸಿಗುತ್ತಾರೆ. ಎಲ್ಲಾದರೂ ಗಾಡಿ ಬಿಡಲೇಬೇಕು ಎಂದಾದರೆ ಹಟೆರಸ್‌ನವರಂತೆ ಜಾಗ, ತಿಂಗಳು, ಹೊತ್ತು, ವೇಗ ಎಲ್ಲವನ್ನೂ ಮೊದಲೇ ಬರೆದಿಟ್ಟು ಬಿಡಬೇಕು. ಇಂದಿನಂತೆ ಯಾರೂ ಬೇಡ ಎನ್ನಲಿಲ್ಲ ಎಂಬ ಕಾರಣಕ್ಕೆ ನಡೆಯುವುದು ಸರಿಯಲ್ಲ.

ಅಲ್ಲಿಯವರೆಗೆ ನಿರ್ಧಾರ ನಮ್ಮ ಕೈಯಲ್ಲೇ ಇದೆ. ಮುಂದಿನ ಶುಕ್ರವಾರ ಮಾಗಡಿ ರಸ್ತೆಯ ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿಕೊಂಡು ಹೊರಡುವವರು ಭುಜಕ್ಕೆ ಹಾಕುವ ಒಂದು ಚೀಲ, ತಲೆಗೆ ಕಟ್ಟುವ ಕೆಂಪು ಬೆಳಕಿನ ಟಾರ್ಚು, ಕಸಕ್ಕೊಂದು ಗೋಣಿ ಜೊತೆಗಿಟ್ಟುಕೊಳ್ಳಿ. ಗಾಡಿಯನ್ನು ಟಾರು ಮುಗಿಯುವಲ್ಲಿ ನಿಲ್ಲಿಸಿ, ಗಾಳ ಹೊತ್ತು ನಡೆಯಿರಿ. ಆಮೆಯ ಗೂಡೋ ಹೆಜ್ಜೆಯ ಗುರುತೋ ಕಂಡರೆ ಅರಣ್ಯ ಇಲಾಖೆಯ 1926ಕ್ಕೆ, ಜೀವಕ್ಕೆ ಅಪಾಯವಾದರೆ 112ಕ್ಕೆ ಕರೆ ಮಾಡಿ. ಕಾಣೆ ಮೀನಿಗೆ ನಿಮ್ಮ ಗಾಡಿ ಎಲ್ಲಿ ನಿಂತಿದೆ ಎಂಬುದು ಲೆಕ್ಕಕ್ಕಿಲ್ಲ. ಅದು ಇರುವ ನೀರಿಗೆ ನೂರಿನ್ನೂರು ಹೆಜ್ಜೆ ನಡೆದರೆ ಸಾಕು.